ಬಿದ್ದ ಮರ ಯಾರ ಪಾಲು?

ಮುಂಗಾರಿನ ಬಿರುಗಾಳಿಗೆ ರಸ್ತೆಗಡ್ಡ ಬಿದ್ದ ಹುಣಸೆಮರದ ಸುತ್ತ ಮೊದಲು ಸೇರುವವರು ಕೊಡಲಿ, ಮಚ್ಚು ಹಿಡಿದ ಊರವರು. ಬಸ್ಸಿಗೆ ದಾರಿ ಬಿಡಿಸುವ ಹೊತ್ತಿಗೆ ರೆಂಬೆಕೊಂಬೆಗಳು ಸೌದೆಯಾಗಿ ಹಿತ್ತಿಲು ಸೇರಿರುತ್ತವೆ. ಬೊಡ್ಡೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅರಣ್ಯ ಇಲಾಖೆಯವರು ಬಂದು ಟೇಪು ಹಿಡಿದು ಸುತ್ತಳತೆ, ಉದ್ದ ಬರೆದುಕೊಂಡು, ಪಂಚರ ಸಹಿ ಪಡೆದು ಮಹಜರು ಮುಗಿಸುತ್ತಾರೆ. ದಿಮ್ಮಿಗೆ ನಂಬರು ಬೀಳುತ್ತದೆ, ಆಮೇಲೆ ಹರಾಜು. ‘ನಮ್ಮಜ್ಜನ ಕಾಲದಿಂದ ಕಾಯ್ದ ಮರ ಸ್ವಾಮಿ’ ಎಂದು ಪಕ್ಕದ ಹೊಲದವನು ಹೇಳಿದರೆ ಅಲ್ಲಗಳೆಯುವವರಿಲ್ಲ. ಆದರೆ ಮಹಜರಿನಲ್ಲಿ ಆ ಮಾತಿಗೆ ಜಾಗವಿಲ್ಲ.

ಒಂದು ಕಾಲಕ್ಕೆ, ಕರ್ನಾಟಕದ ಕೆಲವು ಭಾಗಗಳಲ್ಲಿ, ಇತ್ತು.

ದಾರಿಬದಿ ಮರ ನೆಡಿಸುವುದು ಅರಸರಿಗೆ ಪುಣ್ಯದ ಕೆಲಸ. ದನಕರುಗಳಿಗೂ ಜನರಿಗೂ ನೆರಳಾಗಲೆಂದು ಆಲ ನೆಡಿಸಿದ್ದನ್ನು ಅಶೋಕ ಶಾಸನದಲ್ಲೇ ಬರೆಸಿದ್ದಾನೆ. ಆ ಲೆಕ್ಕದಲ್ಲಿದ್ದದ್ದು ನೆರಳು, ನಾಟಾ ಅಲ್ಲ. ಮರಕ್ಕೆ ಖಜಾನೆಯ ಕಣ್ಣು ತಾಗಿದ ಬಗೆಗೆ ನಮ್ಮಲ್ಲಿ ದೊಡ್ಡ ಸಾಕ್ಷಿ ಗಂಧದ ಮರ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ರೈತನ ಬದುವಿನಲ್ಲೇ ಬೆಳೆದರೂ ಮರ ಸರ್ಕಾರದ್ದಾಯಿತು. ಹಿಡುವಳಿದಾರನೇ ಅದರ ಒಡೆಯ ಎಂದು ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಬ್ರಿಟಿಷರ ಕಾಲಕ್ಕೆ ರೈಲು ಬಂತು. ಸ್ಲೀಪರಿಗೂ ಉರುವಲಿಗೂ ಮರ ಬೇಕಾಯಿತು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು, 1878ರಲ್ಲಿ ಬಿಗಿಯಾದ ಅರಣ್ಯ ಕಾಯ್ದೆ ಬಂತು.

ಅದರ ಮರುವರ್ಷ, 1879ರಲ್ಲಿ, ಬಂದದ್ದು ಮುಂಬಯಿ ಭೂಕಂದಾಯ ಸಂಹಿತೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸರ್ಕಾರದ ಖರ್ಚಿನಲ್ಲಿ ನೆಟ್ಟು ಬೆಳೆಸಿದ ರಸ್ತೆಬದಿಯ ಮರ ಸರ್ಕಾರದ್ದು ಎಂದು ಈ ಸಂಹಿತೆಯೂ ಹೇಳಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಮರ ಒಣಗಿದರೆ, ಗಾಳಿಗೆ ಬಿದ್ದರೆ, ಇಲ್ಲವೇ ಕಲೆಕ್ಟರ ಹುಕುಮಿನಂತೆ ಕಡಿದರೆ, ಅದು ನಿಂತಿದ್ದ ನೆಲದ ಹಿಡುವಳಿದಾರನಿಗೇ ನಾಟಾ ಸೇರಬೇಕು. ಕಾಯಿ, ಹಣ್ಣು, ಸವರಿದ ಕೊಂಬೆ ಕೂಡ ಅವನವೇ. ಅಪ್ಪಣೆಯಿಲ್ಲದೆ ಸವರುವಂತಿಲ್ಲ, ಅಷ್ಟೇ. ಇದ್ದಾಗ ಸರ್ಕಾರದ ಮರ, ಸತ್ತಾಗ ರೈತನ ಮರ.

ಇದು ಬರೀ ಔದಾರ್ಯವಲ್ಲ ಎನಿಸುತ್ತದೆ. ರಸ್ತೆಬದಿಯ ಮರದ ನೆರಳು ದಾರಿಹೋಕನಿಗೆ ಸುಖ, ಅದರಡಿ ಬೆಳೆಯುವ ಜೋಳಕ್ಕೆ ಶಾಪ. ಸಸಿಗೆ ಮುಳ್ಳು ಕಟ್ಟಿ ಆಡು ಬಾಯಿ ಹಾಕದಂತೆ ಕಾಯುವವನಿಗೂ, ರಾತ್ರೋರಾತ್ರಿ ಅದರ ಬುಡ ಕೆತ್ತಬಲ್ಲವನಿಗೂ ಹೊಲ ಒಂದೇ. ಅವನಿಗೊಂದು ಪಾಲು ಕೊಟ್ಟರೆ ಕಾವಲುಗಾರನ ಸಂಬಳ ಉಳಿಯಿತು.

ಆ ಪಾಲನ್ನು ಕಸಿದದ್ದು ಬಾಂದುಕಲ್ಲು. ರಸ್ತೆ ಅಗಲವಾದಂತೆಲ್ಲ ಅಂಚಿನ ನೆಲ ಭೂಸ್ವಾಧೀನವಾಗಿ, ಕಲ್ಲು ಹೊಲದೊಳಕ್ಕೆ ಸರಿಯಿತು. ಮರ ನಿಂತಲ್ಲೇ ನಿಂತಿತ್ತು, ಅದರಡಿಯ ನೆಲ ಮಾತ್ರ ಲೋಕೋಪಯೋಗಿ ಇಲಾಖೆಯದಾಯಿತು. ನೆಲ ಯಾರದೋ ನಾಟಾ ಅವರದು ಎಂಬ ನಿಯಮವೇ ರೈತನನ್ನು ಆಚೆಗಿಟ್ಟಿತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಗಂತೂ ಮುಖ್ಯವಾದದ್ದು ಕಡಿಯಲು ಅನುಮತಿ ಕೊಡುವವರು ಯಾರು ಎಂಬುದು. ಹೀಗಾಗಿ ಇಂದು ರಸ್ತೆಬದಿಯ ಹುಣಸೆಯ ಫಸಲೂ ಹರಾಜಾಗುತ್ತದೆ. ಎದುರಿನ ಹೊಲದವನು ಅದನ್ನು ನೋಡುತ್ತ ನಿಲ್ಲಬೇಕು.

ಪಕ್ಕದ ಹೊಲದವನ ಪಾಡು ಹೀಗಾದರೆ, ನೆಟ್ಟವರ ಪಾಡು? ಮಾಗಡಿ ತಾಲ್ಲೂಕಿನ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದ್ದು ಎಲ್ಲರೂ ಬಲ್ಲ ಕಥೆ. ಆ ಮರಗಳು ಸರ್ಕಾರದ ಸುಪರ್ದಿಯಲ್ಲಿವೆ. ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಅದೇ ವರ್ಷ ರಸ್ತೆ ವಿಸ್ತರಣೆಗೆ ಮರಗಳು ಬಲಿಯಾಗುವ ಆತಂಕ ಎದುರಾದಾಗ, ಅವರು ಮುಖ್ಯಮಂತ್ರಿಯ ಮೊರೆ ಹೋಗಬೇಕಾಯಿತು. ನೆಟ್ಟ ಕೈಗೆ ಸಿಕ್ಕಿದ್ದು ಗೌರವ, ಹಕ್ಕಲ್ಲ.

ಪಾಲು ಕೇಳುವುದು ಹೊಸ ಕ್ರಾಂತಿಯೇನಲ್ಲ. 1993ರಿಂದ ನಮ್ಮ ಗ್ರಾಮ ಅರಣ್ಯ ಸಮಿತಿಗಳು ಕಾಡಿನ ಹುಟ್ಟುವಳಿಯಲ್ಲಿ ಪಾಲಿಗೆ ಬಾಧ್ಯಸ್ಥವಾಗಿವೆ. ಅದೇ ಲೆಕ್ಕ ರಸ್ತೆಬದಿಗೂ ಬರಲಿ: ಮೂರ್ನಾಲ್ಕು ಬೇಸಿಗೆ ಸಸಿಯನ್ನು ಉಳಿಸಿದ ಹೊಲದವನಿಗೆ ಹಣ್ಣಿನ ಹಕ್ಕು, ಮರ ಬಿದ್ದ ದಿನ ಹರಾಜಿನ ಹಣದಲ್ಲೊಂದು ಭಾಗ. ವರ್ಷ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುವುದಕ್ಕಿಂತ ಇದು ಸರ್ಕಾರಕ್ಕೆ ಅಗ್ಗ.