ನೆತ್ತಿಯಿಂದ ಇಳಿದ ಬೆಳಕು

ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯವರ ಛಾಯಾಚಿತ್ರವೊಂದಿದೆ. ಅವರದೆಂದು ಉಳಿದಿರುವುದು ಅದೊಂದೇ. ಮನೆಯ ಮಗುವೊಂದರ ನಾಮಕರಣದ ದಿನ ತೆಗೆದದ್ದು. ಮುಖ ಸುಣ್ಣ ಬಳಿದಂತೆ ಬೆಳ್ಳಗಿದೆ, ಕಣ್ಣುಗಳು ಕೆಂಪಾಗಿವೆ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಅಂಟಿಕೊಂಡಿದೆ. ಹಣೆಯ ಗೆರೆಗಳಾಗಲಿ, ನಗುವಾಗ ಕೆನ್ನೆಯಲ್ಲಿ ಮೂಡುತ್ತಿದ್ದ ಗುಳಿಯಾಗಲಿ ಅದರಲ್ಲಿಲ್ಲ. ಇಂಥ ಚಿತ್ರ ಓದುಗರ ಮನೆಗಳಲ್ಲಿಯೂ ಇರಬಹುದೆಂದು ನಾವು ಭಾವಿಸುತ್ತೇವೆ.

ಇದು ತೆಗೆದವರ ತಪ್ಪು ಎನ್ನುವುದಕ್ಕಿಂತ ಫ್ಲ್ಯಾಷ್ ಕುಳಿತಿದ್ದ ಜಾಗದ ದೋಷ. ಮುಖದ ಉಬ್ಬುತಗ್ಗುಗಳು ನಮಗೆ ತಿಳಿಯುವುದು ನೆರಳಿನಿಂದ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್ ನೇರ ಎದುರಿನಿಂದ ಬೆಳಕು ಚೆಲ್ಲುವುದರಿಂದ ನೆರಳೆಲ್ಲ ಹಿಂದಿನ ಗೋಡೆಯ ಪಾಲಾಗುತ್ತದೆ. ಲೆನ್ಸಿನ ಪಕ್ಕದಲ್ಲೇ ಹೊರಟ ಬೆಳಕು ಕಣ್ಣಿನ ಒಳಪದರಕ್ಕೆ ತಾಗಿ ಮರಳುವುದರಿಂದ ಕಣ್ಣು ಕೆಂಪಾಗುತ್ತದೆ. ಅದೇ ಬೆಳಕು ತಲಬಾಗಿಲ ಮುಂಜಾವಿನ ಬಿಸಿಲಿನಂತೆ ಓರೆಯಾಗಿ ಬಿದ್ದರೆ ಮುಖಕ್ಕೆ ಜೀವ ಬರುತ್ತದೆ.

ಆದರೆ ಫ್ಲ್ಯಾಷನ್ನು ದೂರವಿಟ್ಟರೆ, ಶಟರ್ ತೆರೆದ ಕ್ಷಣದಲ್ಲೇ ಬೆಳಗಬೇಕೆಂದು ಅದಕ್ಕೆ ತಿಳಿಸುವವರು ಯಾರು? ವೈರು ಎಳೆಯಬಹುದು, ಮಕ್ಕಳು ಓಡಾಡುವ ಮನೆಯಲ್ಲಿ ಅದು ಕಾಲಿಗೆ ತೊಡರುತ್ತದೆ. ಮತ್ತೊಂದು ಫ್ಲ್ಯಾಷಿನ ಮಿಂಚನ್ನು ಕಂಡು ಬೆಳಗುವ ಸಾಧನಗಳೂ ಉಂಟು; ಮದುವೆ ಮಂಟಪದಲ್ಲಿ ಅವು ಕಂಡಕಂಡವರ ಕ್ಯಾಮೆರಾಕ್ಕೆಲ್ಲ ಓಗೊಡುತ್ತವೆ. ಇವೆರಡಕ್ಕಿಂತ ಅನುಕೂಲವಾದದ್ದು ರೇಡಿಯೋ ಟ್ರಿಗರ್. ಒಂದು ತುಂಡು ಕ್ಯಾಮೆರಾದ ಮೇಲೆ, ಇನ್ನೊಂದು ಫ್ಲ್ಯಾಷಿನ ಅಡಿಯಲ್ಲಿ. ನಡುವೆ ಬಾಗಿಲು ಅಡ್ಡ ಬಂದರೂ ಸಂದೇಶ ತಲುಪುತ್ತದೆ. ಒಂದು ಕಾಲಕ್ಕೆ ಇದು ದೊಡ್ಡ ಸ್ಟುಡಿಯೋದವರಿಗಷ್ಟೇ ಎಟುಕುತ್ತಿತ್ತು. 2010ರ ಸುಮಾರಿಗೆ ಚೀನಾದ ಯಾಂಗ್ನುವೋ ಕಂಪನಿಯ ಆರ್‌ಎಫ್-603ರಂಥ ಜೋಡಿಗಳು ಬಂದ ಮೇಲೆ ಸಾಮಾನ್ಯರ ಕೈಗೂ ಬಂದಿತು. 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತನಾಡುವ ಇವಕ್ಕೆ ತಲಾ ಎರಡು ಸಣ್ಣ ಸೆಲ್ ಸಾಕು.

ಅಗ್ಗದ ಇಂಥ ಟ್ರಿಗರ್ ‘ಬೆಳಗು’ ಎಂದಷ್ಟೇ ಹೇಳಬಲ್ಲದು; ಎಷ್ಟು ಬೆಳಗಬೇಕೆಂಬುದನ್ನು ನಾವೇ ಫ್ಲ್ಯಾಷಿನ ಮೇಲೆ ಹೊಂದಿಸಬೇಕು. ಇದನ್ನು ಕೊರತೆಯೆಂದು ನಾವು ಎಣಿಸುವುದಿಲ್ಲ. ಕೈಯಿಂದ ಮಾಡಿದರೇ ಕಲಿಕೆ. ನಮ್ಮ ಕ್ರಮ ಹೀಗಿದೆ: ಕುಳಿತವರ ಪಕ್ಕಕ್ಕೆ ಓರೆಯಾಗಿ, ತಲೆಗಿಂತ ತುಸು ಎತ್ತರದಲ್ಲಿ, ಐದಾರು ಅಡಿ ದೂರಕ್ಕೆ ಫ್ಲ್ಯಾಷ್. ಅದರ ಮುಂದೆ ತೆಳುವಾದ ಬಿಳಿ ಧೋತರವನ್ನು ಹಗ್ಗಕ್ಕೆ ತೂಗುಬಿಟ್ಟರೆ ಬೆಳಕು ಹರಡಿ ಮೃದುವಾಗುತ್ತದೆ. ಬಣ್ಣದ ಬಟ್ಟೆ ಬೇಡ. ಆ ಬಣ್ಣ ಮುಖಕ್ಕೂ ಹತ್ತುತ್ತದೆ. ಐಎಸ್‌ಒ 400, ಅಪರ್ಚರ್ 5.6, ಶಟರ್ 1/125, ಫ್ಲ್ಯಾಷಿನ ಶಕ್ತಿ 1/8ರಿಂದ ಆರಂಭಿಸಿ ತಿದ್ದಿಕೊಳ್ಳಬಹುದು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದೆಂಬುದು ನೆನಪಿರಲಿ. ಶಟರ್ ವೇಗವನ್ನು 1/200ಕ್ಕಿಂತ ಹೆಚ್ಚಿಸಿದರೆ ಅನೇಕ ಕ್ಯಾಮೆರಾಗಳಲ್ಲಿ ಚಿತ್ರದ ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಪರದೆ ಪೂರ್ತಿ ತೆರೆಯುವ ಮೊದಲೇ ಮುಚ್ಚತೊಡಗುವುದೇ ಕಾರಣ.

ಕಪಾಟಿನಲ್ಲಿರುವ ಹಳೆಯ ಫ್ಲ್ಯಾಷನ್ನು ಬಳಸುವ ಆಸೆಯಾದರೆ ಮೊದಲು ಬಲ್ಲವರಿಂದ ಅಳೆಯಿಸಿರಿ. ಕೆಲವು ಹಳೆಯ ಫ್ಲ್ಯಾಷ್‌ಗಳ ಸಂಪರ್ಕ ಬಿಂದುವಿನಲ್ಲಿ 200 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ಇಂದಿನ ಕ್ಯಾಮೆರಾ, ಟ್ರಿಗರ್‌ಗಳು ಅದರಿಂದ ಸುಡಬಹುದು.

ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ತಂಗಿಯ ನಿಶ್ಚಿತಾರ್ಥದಲ್ಲಿ ಕರೆಸಿದ್ದ ಛಾಯಾಗ್ರಾಹಕರ ಟ್ರಿಗರೂ ನಮ್ಮದೂ ಒಂದೇ ಚಾನಲಿನಲ್ಲಿದ್ದವು. ಅವರು ಒತ್ತಿದಾಗಲೆಲ್ಲ ನಮ್ಮ ಫ್ಲ್ಯಾಷ್ ಬೆಳಗಿತು. ಉಂಗುರ ತೊಡಿಸುವ ಗಳಿಗೆಯಲ್ಲಿ ನಾವು ಒತ್ತಿದಾಗ ಅದು ಇನ್ನೂ ಚಾರ್ಜ್ ಆಗುತ್ತಿತ್ತು. ಆ ಚಿತ್ರ ಪೂರಾ ಕಪ್ಪು. ಸಣ್ಣ ಸ್ವಿಚ್ಚೊಂದನ್ನು ಮೊದಲೇ ಸರಿಸಿದ್ದರೆ ಮುಗಿಯುತ್ತಿತ್ತು. ಆಕೆ ಈಗಲೂ ಅದನ್ನು ಆಡಿ ತೋರಿಸುತ್ತಾಳೆ.

ಕಳೆದ ದೀಪಾವಳಿಯಲ್ಲಿ ತಾಯಿಯವರನ್ನು ಅದೇ ಪಡಸಾಲೆಯಲ್ಲಿ ಕೂಡಿಸಿ, ಧೋತರ ಕಟ್ಟಿ, ಹತ್ತಾರು ಚಿತ್ರ ತೆಗೆದೆವು. ಒಂದು ಚೆನ್ನಾಗಿ ಬಂದಿತು. “ಮುಖದ ತುಂಬ ಬರೇ ಗೆರಿನ ಅದಾವಲ್ಲೋ!” ಎಂದರು ಅವರು, ಕನ್ನಡಕ ಏರಿಸಿ ನೋಡುತ್ತ. ಬಳಿಕ ನಾಲ್ಕು ಪ್ರತಿ ಮಾಡಿಸಿ ಹೆಣ್ಣುಮಕ್ಕಳಿಗೆಲ್ಲ ಕಳುಹಿಸಲು ಹೇಳಿದರು.