ಆಟೋ ಮೋಡ್ ಎಲ್ಲಿ ಸಾಕು, ಎಲ್ಲಿ ಸಾಲದು

ಈ ವಾರದ ಮಾತು ಕ್ಯಾಮೆರಾ ಮೇಲಿರೋ ಆ ದುಂಡನೆಯ ಡಯಲ್ ಬಗ್ಗೆ. ಹೊಸ ಕ್ಯಾಮೆರಾ ತಗೊಂಡವರು ಅದನ್ನ ಆಟೋಗೆ ತಿರುಗಿಸಿ ಇಡ್ತಾರೆ, ಆಮೇಲೆ ವರ್ಷಗಟ್ಟಲೆ ಮುಟ್ಟೋದೇ ಇಲ್ಲ. ನಾನೂ ಹಾಗೇ ಇದ್ದೆ. ಯಾಕೆ ಬದಲಾದೆ ಅಂತ ಮೊದಲು ಹೇಳಿಬಿಡ್ತೀನಿ.

ನನ್ನ ದೊಡ್ಡಪ್ಪ ಮುಂಬೈನಲ್ಲಿ ಕೆಲಸ ಮಾಡ್ಕೊಂಡೇ ಹವ್ಯಾಸಕ್ಕೆ ಯಕ್ಷಗಾನದ ವೇಷ ಹಾಕ್ತಿದ್ದವರು. ನಾನು ಪುಣೆಗೆ ಬಂದು ಮೊದಲ ಡಿಎಸ್‌ಎಲ್‌ಆರ್ ಕೊಂಡ ವರ್ಷ ಅವರ ತಂಡದ ‘ಕರ್ಣಪರ್ವ’ ಇತ್ತು, ಕರ್ಣ ಅವರದ್ದೇ. ಬೆಳಗ್ಗೆ ರೈಲು ಹತ್ತಿ ಹೋದೆ. ಮೊದಲ ಎರಡು ಫೋಟೋಗೇ ಫ್ಲಾಶ್ ತಾನಾಗಿ ಎದ್ದು ಮಿಂಚಿತು, ಮುಂದೆ ಕೂತಿದ್ದವರು ತಿರುಗಿ ನೋಡಿದ್ರು. ಫ್ಲಾಶ್ ಇಲ್ಲದ ಆಟೋಗೆ ಹಾಕ್ಕೊಂಡು ನಾನೂರು ಚಿಲ್ಲರೆ ಫೋಟೋ ತೆಗೆದೆ. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರೆ, ಕರ್ಣ ನಿಂತು ಅರ್ಥ ಹೇಳೋವಾಗಿನದ್ದು ಪರವಾಗಿಲ್ಲ. ಕುಣಿತ ಶುರುವಾದ ಮೇಲಿನದ್ದು ಒಂದೂ ನೆಟ್ಟಗಿಲ್ಲ. ಕಿರೀಟ ಇರಬೇಕಾದಲ್ಲಿ ಹೊಳೆಯೋ ಗೆರೆ, ಮುಖ ಇರಬೇಕಾದಲ್ಲಿ ಬಿಳೀ ಮಸುಕು. ಮುಂದಿನ ವರ್ಷ ಅವರ ಮಂಡಿನೋವು ಜೋರಾಯ್ತು, ವೇಷ ಹಾಕೋದು ಬಿಟ್ಟರು. ಅವರು ಕುಣಿದ ಫೋಟೋ ಅಂತ ನನ್ನ ಹತ್ರ ಇರೋದು ಆ ಗೆರೆಗಳೇ.

ಕ್ಯಾಮೆರಾ ಕೆಟ್ಟಿರಲಿಲ್ಲ. ಪ್ರತಿ ಫೋಟೋ ಫೈಲಿನಲ್ಲೂ ಅದನ್ನ ಹೇಗೆ ತೆಗೆದದ್ದು ಅನ್ನೋ ಮಾಹಿತಿ ಇರತ್ತೆ. ತೆಗೆದು ನೋಡಿದೆ: ಶಟರ್ 1/40 ಸೆಕೆಂಡ್, ಅಪರ್ಚರ್ ಎಫ್ 5.6, ಐಎಸ್‌ಒ 1600. ಬೆಳಕಿನ ಲೆಕ್ಕದಲ್ಲಿ ಇದು ಸರಿಯಾಗೇ ಇದೆ. ಆದ್ರೆ ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ ಗಿರ್ಕಿ ಹೊಡೆಯೋ ವೇಷಧಾರಿ ಎಷ್ಟೋ ದೂರ ಹೋಗಿಬಿಟ್ಟಿರ್ತಾನೆ.

ಇಂಜಿನಿಯರ್ ಬುದ್ಧಿಗೆ ಇದು ಬೇಗ ಅರ್ಥ ಆಗೋ ವಿಷಯ. ಸಮೀಕರಣ ಒಂದು, ಅಜ್ಞಾತಗಳು ಮೂರು. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಲೆನ್ಸಿನ ಕಿಂಡಿ ಎಷ್ಟು ಅಗಲ ಇರಬೇಕು, ಬಂದ ಬೆಳಕನ್ನ ಎಷ್ಟು ಹಿಗ್ಗಿಸಬೇಕು. ಒಂದೇ ಹೊಳಪಿಗೆ ಹಲವು ಉತ್ತರ ಇವೆ. ನನ್ನ 1/40, ಎಫ್ 5.6, 1600 ಬದಲಿಗೆ 1/320, ಎಫ್ 5.6, 12800 ಇಟ್ಟಿದ್ರೂ ಫೋಟೋ ಅಷ್ಟೇ ಬೆಳ್ಳಗೆ ಬರ್ತಿತ್ತು, ಕಾಳು ಕಾಳಾಗಿ ಕಾಣ್ತಿತ್ತು ಅಷ್ಟೆ. ಅಗಲ ಕಿಂಡಿಯ ಲೆನ್ಸ್ ಇದ್ದಿದ್ರೆ 1/320, ಎಫ್ 2, 1600 ಕೂಡ ಆಗ್ತಿತ್ತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಇದೊಂದು ಉಲ್ಟಾ ಅನ್ನೋದು ನೆನಪಿಟ್ಕೊಳ್ಳಿ.

ಇಷ್ಟು ಉತ್ತರಗಳಲ್ಲಿ ಆಟೋ ಒಂದನ್ನ ಆರಿಸಲೇಬೇಕು. ನನ್ನ ಕ್ಯಾಮೆರಾ ನೋಡಿದ್ದು ಕೈ ಅಲುಗಾಡಿದ್ರೆ ಫೋಟೋ ಕೆಡಬಾರದು, ಐಎಸ್‌ಒ ತೀರಾ ಏರಬಾರದು ಅಂತ. ಎದುರಿಗಿರೋದು ಧಿಗಿಣ ಹಾಕೋ ಕರ್ಣನೋ, ಗೋಡೆಗೆ ನೇತುಹಾಕಿದ ಕ್ಯಾಲೆಂಡರೋ, ಅದಕ್ಕೆ ಗೊತ್ತಿಲ್ಲ. ಈಗಿನ ಕ್ಯಾಮೆರಾಗಳು ಮುಖ, ಚಲನೆ ಗುರುತಿಸಿ ಊಹೆ ಮಾಡ್ತವೆ, ಆದ್ರೂ ಅದು ಊಹೆಯೇ. ಅರೆ-ಆಟೋ ಮೋಡ್ ಅಂದ್ರೆ ನಿಮಗೆ ಮುಖ್ಯವಾದ ಒಂದನ್ನ ನೀವು ಹಿಡಿದುಕೊಳ್ತೀರಿ, ಉಳಿದ ಲೆಕ್ಕ ಕ್ಯಾಮೆರಾ ಮಾಡತ್ತೆ.

ಇದೇನೂ ಡಿಜಿಟಲ್ ಕಾಲದ್ದಲ್ಲ. 1976ರ ಕ್ಯಾನನ್ ಎಇ-1ರಲ್ಲಿ ಮೈಕ್ರೋಪ್ರೊಸೆಸರ್ ಇತ್ತು, ಶಟರ್ ನೀವು ಕೊಟ್ರೆ ಅಪರ್ಚರ್ ಅದು ಇಡ್ತಿತ್ತು. ಮರುವರ್ಷ ಬಂದ ಮಿನೋಲ್ಟಾ ಎಕ್ಸ್‌ಡಿಯಲ್ಲಿ ಎರಡೂ ಆಯ್ಕೆ ಒಟ್ಟಿಗೇ ಬಂತು.

ಮೊದಲು ಅಪರ್ಚರ್ ಪ್ರಯಾರಿಟಿ. ನಿಕಾನ್, ಸೋನಿ ಡಯಲ್‌ನಲ್ಲಿ ‘ಎ’, ಕ್ಯಾನನ್‌ನಲ್ಲಿ ‘ಎವಿ’. (ಕೆಲವರು ಈ ‘ಎ’ ಅಂದ್ರೆ ಆಟೋ ಅಂದ್ಕೊಂಡು ಹಾಕಿಬಿಡ್ತಾರೆ. ನಗಬೇಡಿ, ನಾನೂ ಹಾಕಿದ್ದೆ.) ಮನೆಯ ಫೋಟೋಗಳಿಗೆ ಇದೇ ಸರಿ. ಅಜ್ಜಿ ಮಧ್ಯ ಸೋಫಾದಲ್ಲಿ, ಅವರ ಸುತ್ತ ಅತ್ತೆ, ಚಿಕ್ಕಮ್ಮಂದಿರು, ಹಿಂದೆ ಮಾವಂದಿರು ನಿಂತಿದ್ದಾರೆ ಅಂದ್ಕೊಳ್ಳಿ. ನಿಮ್ಮ ಹತ್ರ 50 ಎಂಎಂ ಎಫ್ 1.8 ಲೆನ್ಸ್ ಇದೆ, ಮಂದ ಬೆಳಕು ಅಂತ ಕಿಂಡಿ ಪೂರ್ತಿ ತೆರೆದ್ರೆ, ನಾಲ್ಕು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರೋ ಆಳ ಹೆಚ್ಚೂಕಡಿಮೆ ಅರ್ಧ ಮೀಟರ್ ಮಾತ್ರ. ಅಜ್ಜಿ ಚೆನ್ನಾಗಿ ಬರ್ತಾರೆ, ಹಿಂದಿನ ಸಾಲಿನ ಮಾವ ಮಂಜಾಗ್ತಾರೆ, ಅದನ್ನ ಅವರು ಹತ್ತು ವರ್ಷ ಹೇಳ್ತಾರೆ. ಅದೇ ಎಫ್ 8 ಇಟ್ರೆ ಆಳ ಎರಡು ಮೀಟರ್ ಹತ್ತಿರ ಬರತ್ತೆ. ಒಬ್ಬರದ್ದೇ ಫೋಟೋ, ಹಿನ್ನೆಲೆ ಮಸುಕಾಗಬೇಕು ಅಂದಾಗ 1.8 ಇಡಿ.

ಇದರಲ್ಲಿ ಒಂದು ಗುಂಡಿ ಇದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಎಫ್ 8 ಕೇಳಿದ್ರೆ ಕ್ಯಾಮೆರಾ ಸುಮ್ನೆ ಶಟರನ್ನ 1/10ಕ್ಕೆ ಇಳಿಸಿಬಿಡಬಹುದು. ಕಣ್ಣಿಗೆ ಕಿರುಪರದೆಯಲ್ಲಿ ಎಲ್ಲ ಸರಿ ಕಾಣತ್ತೆ, ದೊಡ್ಡದು ಮಾಡಿದಾಗ ಎಲ್ಲರೂ ಅಲುಗಿರ್ತಾರೆ. ಅದಕ್ಕೇ ಆಟೋ ಐಎಸ್‌ಒ ಹಾಕಿ, ಮೆನುವಿನಲ್ಲಿ ಶಟರ್‌ನ ಕನಿಷ್ಠ ಮಿತಿ ಕೊಡೋ ಸೌಲಭ್ಯ ಇದ್ರೆ 1/125 ಅಂತ ಕೊಟ್ಟುಬಿಡಿ. ಐಎಸ್‌ಒ ಮೇಲಿನ ಮಿತಿ 6400 ಇಟ್ರೆ ಮನೆಯೊಳಗೆ ಸಾಮಾನ್ಯವಾಗಿ ನಡೆಯತ್ತೆ.

ಇನ್ನು ಶಟರ್ ಪ್ರಯಾರಿಟಿ, ‘ಎಸ್’ ಅಥವಾ ‘ಟಿವಿ’. ಚಲನೆಯೇ ವಿಷಯ ಆದಾಗ ಇದು. ಪುಣೆಯ ವಿಸರ್ಜನೆ ಮೆರವಣಿಗೇಲಿ ಢೋಲ್-ತಾಶಾ ನೋಡಿರ್ತೀರಿ. ಹಗಲಲ್ಲಿ 1/1000 ಇಟ್ರೆ ಗುಲಾಲು ಗಾಳಿಯಲ್ಲೇ ನಿಂತ ಹಾಗೆ ಬರತ್ತೆ. 1/30 ಇಟ್ರೆ ಬಾರಿಸೋನ ಮುಖ ನಿಂತು ಕೋಲು ಮಾತ್ರ ಬೀಸಿದ ಹಾಗೆ ಕಾಣತ್ತೆ, ನನಗೆ ಅದೇ ಇಷ್ಟ, ಹತ್ತರಲ್ಲಿ ಒಂದು ಸರಿ ಬಂದ್ರೆ ಪುಣ್ಯ. ಕೈ ಅಲುಗಾಟ ತಡೆಯೋ ಲೆನ್ಸ್ ಇದೆಯಲ್ಲ, ಕಮ್ಮಿ ಶಟರ್ ಸಾಕು ಅಂತ ಕೇಳ್ತಾರೆ. ಅದು ನಿಮ್ಮ ಕೈ ಅಲುಗಿದ್ದನ್ನ ಸರಿ ಮಾಡತ್ತೆ, ಎದುರಿನವರು ಕುಣಿದಿದ್ದನ್ನಲ್ಲ.

ಇಲ್ಲೂ ಗುಂಡಿ ಇದೆ. ಐಎಸ್‌ಒ 400ಕ್ಕೆ ಕಟ್ಟಿಹಾಕಿ ಕತ್ತಲೆ ಹಾಲ್‌ನಲ್ಲಿ 1/500 ಕೇಳಿದ್ರೆ, ಕಿಂಡಿ ಪೂರ್ತಿ ತೆರೆದ ಮೇಲೆ ಕ್ಯಾಮೆರಾ ಹತ್ರ ಬೇರೆ ದಾರಿ ಇರಲ್ಲ. ಅಂಕೆ ಮಿನುಗತ್ತೆ, ಆದ್ರೂ ಕಪ್ಪು ಫೋಟೋ ತೆಗೆದುಕೊಡತ್ತೆ. ಕಿಟ್ ಲೆನ್ಸ್ 55 ಎಂಎಂಗೆ ಎಳೆದಾಗ ಎಫ್ 5.6ಕ್ಕಿಂತ ತೆರೆಯಲ್ಲ. 1.8ರ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡತ್ತೆ. ಯಾವ ಮೋಡೂ ಈ ವ್ಯತ್ಯಾಸ ತುಂಬಿಕೊಡಲ್ಲ, ಹೊಸ ಬಾಡಿಗೆ ದುಡ್ಡು ಹಾಕೋ ಮೊದಲು ಈ ಲೆನ್ಸ್ ತಗೊಳ್ಳಿ ಅಂತ ನಾನು ಹೇಳೋದು ಅದಕ್ಕೇ.

‘ಪಿ’ ಮೋಡ್ ಆಟೋದ ಅಣ್ಣ. ಎರಡನ್ನೂ ಕ್ಯಾಮೆರಾನೇ ಆರಿಸತ್ತೆ, ಆದ್ರೆ ಫ್ಲಾಶ್ ತಾನಾಗಿ ಏಳಲ್ಲ, ಚಕ್ರ ತಿರುಗಿಸಿ ಬೇರೆ ಜೋಡಿ ಕೇಳಬಹುದು.

ಈ ಮೂರರಲ್ಲೂ ಸಿಗೋ, ಬಹಳಷ್ಟು ಕ್ಯಾಮೆರಾಗಳ ಪೂರ್ಣ ಆಟೋದಲ್ಲಿ ಸಿಗದ ಒಂದು ಗುಂಡಿ ಇದೆ (ಈ ಸಲ ಒತ್ತೋ ಗುಂಡಿ): ಪ್ಲಸ್-ಮೈನಸ್ ಗುರುತಿನದ್ದು. ಕ್ಯಾಮೆರಾದ ಮೀಟರ್ ದೃಶ್ಯ ಎಲ್ಲ ಸೇರಿ ಮಧ್ಯಮ ಬೂದು ಅಂತ ನಂಬಿ ಲೆಕ್ಕ ಹಾಕತ್ತೆ. ರಂಗದ ಹಿಂದೆ ಕಪ್ಪು ಪರದೆ ಇದ್ರೆ ‘ಕತ್ತಲೆ ಜಾಸ್ತಿ’ ಅಂತ ಎಲ್ಲವನ್ನೂ ಬೆಳಗಿಸತ್ತೆ, ಬಣ್ಣದ ಮುಖ ಸುಣ್ಣ ಆಗತ್ತೆ. ದೊಡ್ಡಪ್ಪನ ಮುಖ ಬಿಳೀ ಮಸುಕಾಗಿದ್ದರ ಅರ್ಧ ಕಾರಣ ಇದೇ. ಅಂಥಲ್ಲಿ ಮೈನಸ್ 1. ಕಿಟಕಿಗೆ ಬೆನ್ನು ಹಾಕಿ ನಿಂತವರಿಗೆ ಪ್ಲಸ್ 1.

ಹಾಗಂತ ಆಟೋ ಬೈಯೋ ಪೈಕಿ ನಾನಲ್ಲ. ಶನಿವಾರವಾಡಾ ಮುಂದೆ ನಿಂತು ಗುರುತಿಲ್ಲದವರ ಕೈಗೆ ಕ್ಯಾಮೆರಾ ಕೊಡೋವಾಗ ಆಟೋಗೇ ಹಾಕಿ ಕೊಡ್ತೀನಿ. ಒಳ್ಳೆ ಬಿಸಿಲಲ್ಲಿ ಶಟರ್ ತಾನಾಗೇ ವೇಗವಾಗಿರತ್ತೆ, ಕಿಂಡಿ ಚಿಕ್ಕದಿರತ್ತೆ, ತಪ್ಪೋಕೆ ಅವಕಾಶ ಕಮ್ಮಿ. ಮಗು ಮೊದಲ ಹೆಜ್ಜೆ ಇಡ್ತಿರೋವಾಗ ಡಯಲ್ ಹುಡುಕ್ತಾ ಕೂರಬೇಡಿ, ಏನಿದೆಯೋ ಅದರಲ್ಲೇ ಒತ್ತಿ.

ಕಳೆದ ವರ್ಷ ಅದೇ ತಂಡದ ಆಟಕ್ಕೆ ಮತ್ತೆ ಹೋಗಿದ್ದೆ. 50 ಎಂಎಂ ಲೆನ್ಸ್, ಶಟರ್ ಪ್ರಯಾರಿಟಿ 1/320, ಆಟೋ ಐಎಸ್‌ಒ, ಮೈನಸ್ 1. ಭಾಗವತರ ಪದಕ್ಕೆ ಕುಣಿದದ್ದು ಬೇರೆ ಹುಡುಗ, ದೊಡ್ಡಪ್ಪ ನನ್ನ ಪಕ್ಕ ಕೂತಿದ್ರು. ಮಧ್ಯದಲ್ಲಿ ಕ್ಯಾಮೆರಾ ಇಸ್ಕೊಂಡು ಒಂದು ಫೋಟೋ ದೊಡ್ಡದು ಮಾಡಿ ನೋಡಿದ್ರು. “ಎರಡು ಕಾಲೂ ನೆಲ ಬಿಟ್ಟಿದೆ ನೋಡು, ಆದ್ರೆ ಎಡಗೈ ಸ್ವಲ್ಪ ಕೆಳಗಾಯ್ತು” ಅಂದ್ರು. ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಆ ಹುಡುಗನಿಗೆ ಅದನ್ನೇ ತೋರಿಸಿ ಹೇಳಿಕೊಟ್ರು.