ಒಂದು ಪಾಸು, ಹಲವು ಬಾಗಿಲು: ಮುಂಗಡ ಹಣದ ವ್ಯಾಪಾರ ಮತ್ತು ನಮ್ಮ ಕರಾವಳಿ

2025ರ ಆಗಸ್ಟ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಜಾರಿಗೆ ಬಂದಿತು. ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಅನ್ವಯಿಸುವ ಈ ಪಾಸಿನ ಬೆಲೆ ಆರಂಭದಲ್ಲಿ 3,000 ರೂಪಾಯಿ. ಅವಧಿ ಒಂದು ವರ್ಷ ಅಥವಾ 200 ಸಂಚಾರ, ಇವೆರಡರಲ್ಲಿ ಯಾವುದು ಮೊದಲೋ ಅದು. ಹಿರೇಗುತ್ತಿಯ ನಮಗೆ ಇದು ದೂರದ ಸುದ್ದಿಯಲ್ಲ. 66ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಅಂಕೋಲೆಯ ಆಚೆ ಹಟ್ಟಿಕೇರಿ, ದಕ್ಷಿಣಕ್ಕೆ ಹೊರಟರೆ ಕುಮಟೆಯ ಆಚೆ ಹೊಳೆಗದ್ದೆ. ಎರಡೂ ದಿಕ್ಕಿನಲ್ಲಿ ಸುಂಕದ ಕಟ್ಟೆಯಿದೆ. ಪೂರ್ಣವಾಗಿ ಬಳಸಿದವನಿಗೆ ಒಂದು ದಾಟುವಿಕೆಗೆ ಬಿದ್ದ ಬೆಲೆ 15 ರೂಪಾಯಿ. ಆದರೆ ನಮ್ಮ ಸದಸ್ಯರಲ್ಲಿ ಬಹುಪಾಲು ಜನರ ಜೀವನಾಧಾರವಾದ ಸರಕು ವಾಹನಗಳಿಗೆ ಈ ಸೌಲಭ್ಯವಿಲ್ಲ. ಹೀಗಾಗಿ ನಮ್ಮ ಕಚೇರಿಗೆ ಬಂದ ವರ್ತಕ ಮಿತ್ರರಲ್ಲಿ ಅನೇಕರು, "ಮನೆಯ ಕಾರಿಗೆ ಪಾಸು, ಅಂಗಡಿಯ ಗಾಡಿಗೆ ಪೂರಾ ಸುಂಕ, ಇದೆಂತಹ ಲೆಕ್ಕ?" ಎಂದು ಕೇಳಿದ್ದುಂಟು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸರಕಾರದವರು. ಆದರೆ ಅದರ ಹಿಂದಿರುವ ವ್ಯಾಪಾರ ತತ್ತ್ವ ವಿಚಾರಾರ್ಹವಾದದ್ದು. ಒಮ್ಮೆ ಹಣ ಕೊಟ್ಟು ಅನೇಕ ಬಾಗಿಲುಗಳನ್ನು ವರ್ಷವಿಡೀ ತೆರೆಸಿಕೊಳ್ಳುವ ಈ ಪದ್ಧತಿಯು ಜಗತ್ತಿನಲ್ಲಿ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬೆಳೆದಿರುವುದು ನಾವು ಕಂಡರಿಯದ ಒಂದು ಉದ್ಯಮದಲ್ಲಿ, ಅಂದರೆ ಅಮೆರಿಕದ ಹಿಮಜಾರಾಟದಲ್ಲಿ. ಬೆವರೊರೆಸಿಕೊಳ್ಳುತ್ತ ಬದುಕುವ ಕರಾವಳಿಯವರಿಗೆ ಹಿಮದ ಮಾತೇಕೆ ಎಂದು ಓದುಗರು ನಗಬಹುದು. ಆ ಉದ್ಯಮವೂ ನಮ್ಮದರಂತೆಯೇ ವರ್ಷದಲ್ಲಿ ಐದಾರು ತಿಂಗಳು ದುಡಿದು ಉಳಿದ ತಿಂಗಳು ಆಕಾಶ ನೋಡುವಂಥದು. ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಅಕಾಲ ಮಳೆ ಹೇಗೋ, ಅವರಿಗೆ ಹಿಮ ಬೀಳದ ಡಿಸೆಂಬರ್ ಹಾಗೆ.

ಬೋಗಸ್ ಬೇಸಿನ್ನಿನ ಪಾಠ

ಈ ಕಥೆಯ ಆರಂಭ ಐಡಾಹೋ ರಾಜ್ಯದ ಬೋಗಸ್ ಬೇಸಿನ್ ಎಂಬ ಸಣ್ಣ ಗುಡ್ಡದಲ್ಲಿ. ಹೆಸರು ಕೇಳಿ ಬೆಚ್ಚುವುದು ಬೇಡ, ಅದು ಲಾಭೋದ್ದೇಶವಿಲ್ಲದ ಪ್ರಾಮಾಣಿಕ ಸಂಸ್ಥೆಯೇ. 1998ರಲ್ಲಿ ಸಂಕಷ್ಟದಲ್ಲಿದ್ದ ಆ ಸಂಸ್ಥೆ ತನ್ನ ಋತುಪಾಸಿನ ಬೆಲೆಯನ್ನು ಸುಮಾರು 500 ಡಾಲರಿನಿಂದ 199ಕ್ಕೆ ಇಳಿಸಿತು. ಅದುವರೆಗೆ ಕೆಲವೇ ಸಾವಿರ ಪಾಸು ಮಾರುತ್ತಿದ್ದಲ್ಲಿ ಮಾರಾಟ 20 ಸಾವಿರವನ್ನು ಮೀರಿತು. ಹಿಮ ಬೀಳುವ ಮೊದಲೇ ಹಣ ಬ್ಯಾಂಕಿನಲ್ಲಿತ್ತು.

ದೊಡ್ಡ ಕಂಪನಿಗಳೂ ಈ ಪಾಠವನ್ನು ಕಲಿತವು. 2008ರಲ್ಲಿ ಕೊಲರಾಡೋದ ವೇಲ್ ರಿಸಾರ್ಟ್ಸ್ ಕಂಪನಿಯು ತನ್ನ ಐದು ಪರ್ವತಗಳಿಗೂ ಸಲ್ಲುವ ಎಪಿಕ್ ಪಾಸನ್ನು 579 ಡಾಲರಿಗೆ ಮಾರುಕಟ್ಟೆಗೆ ತಂದಿತು. 2018ರಲ್ಲಿ ಅದರ ಪ್ರತಿಸ್ಪರ್ಧಿ ಆಲ್ಟೆರಾ ಕಂಪನಿ ಐಕಾನ್ ಪಾಸ್ ಹೊರಡಿಸಿತು. ವೇಲ್ ಕಂಪನಿ ಆಸ್ಟ್ರೇಲಿಯದ ಪೆರಿಶರ್, ಕೆನಡಾದ ವಿಸ್ಲರ್, ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಇವುಗಳನ್ನೆಲ್ಲ ಒಂದೊಂದಾಗಿ ತನ್ನ ತೆಕ್ಕೆಗೆ ತಂದುಕೊಂಡಿತು. ಈಗ ಅದರ ಪಾಸುಗಳ ಮಾರಾಟ ವರ್ಷಕ್ಕೆ 20 ಲಕ್ಷಕ್ಕೂ ಮಿಕ್ಕಿದೆ. ಅಲ್ಲಿಗೆ ಬರುವ ಭೇಟಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಋತು ಆರಂಭವಾಗುವ ಮೊದಲೇ ಹಣ ಕೊಟ್ಟವರದು.

ಇದರಿಂದ ಪ್ರವಾಸದ ಕ್ರಮವೇ ತಿರುವುಮುರುವಾಯಿತು. ಹಿಂದೆ ಕುಟುಂಬವೊಂದು ಊರನ್ನು ಆರಿಸಿ, ಹೊರಟು, ತಲುಪಿದ ಮೇಲೆ ಟಿಕೆಟು ಕೊಳ್ಳುತ್ತಿತ್ತು. ಈಗ ವಸಂತದಲ್ಲೇ ಪಾಸು ಕೊಂಡು, ಚಳಿಗಾಲದಲ್ಲಿ ಆ ಪಾಸು ಎಲ್ಲಿ ನಡೆಯುತ್ತದೋ ಅಲ್ಲಿಗೆ ಹೊರಡುತ್ತದೆ. ಪಾಸಿನ ಪಟ್ಟಿಯಲ್ಲಿಲ್ಲದ ಊರು ಎಷ್ಟೇ ಸುಂದರವಾಗಿದ್ದರೂ ಗಿರಾಕಿಯ ಮನಸ್ಸಿನಿಂದಲೇ ಅಳಿಸಿಹೋಗುತ್ತದೆ. ವೇಲ್ ಕಂಪನಿ ದೊಡ್ಡ ನಗರಗಳ ಬಳಿಯ ಅತಿ ಸಾಮಾನ್ಯ ದಿಬ್ಬಗಳನ್ನೂ ಖರೀದಿಸಿದ್ದು ಇದಕ್ಕಾಗಿಯೇ. ಮನೆಯ ಹತ್ತಿರ ವಾರಾಂತ್ಯಕ್ಕೆಂದು ಪಾಸು ಕೊಂಡವನು ದೊಡ್ಡ ರಜೆಯಲ್ಲಿ ಅದೇ ಪಾಸು ಹಿಡಿದು ಕೊಲರಾಡೋಗೆ ಹಾರುತ್ತಾನೆ.

ಹಾಗೆಂದು ಎಲ್ಲರಿಗೂ ಅಗ್ಗವಾಯಿತೆಂದು ಭಾವಿಸಬಾರದು. ಪಾಸಿಲ್ಲದೆ ಒಂದು ದಿನಕ್ಕೆ ಬಂದವನಿಗೆ ವೇಲ್ ಪರ್ವತದ ದಿನದ ಟಿಕೆಟು 300 ಡಾಲರನ್ನು ದಾಟಿದೆ. ಪಾಸು ಅಗ್ಗವೆಂದು ತೋರಬೇಕಾದರೆ ಬಿಡಿ ಟಿಕೆಟು ದುಬಾರಿಯಾಗಲೇಬೇಕು. ಜನಸಂದಣಿ, ಸರತಿ ಸಾಲು, ಕೆಲಸಗಾರರಿಗೆ ಆ ಊರುಗಳಲ್ಲಿ ಬಾಡಿಗೆ ಮನೆಯೇ ಸಿಗದ ಸ್ಥಿತಿ, ಇವೆಲ್ಲ ಬೆನ್ನಿಗೆ ಬಂದವು. 2024ರ ಡಿಸೆಂಬರ್ ಕೊನೆಯಲ್ಲಿ ಯೂಟಾದ ಪಾರ್ಕ್ ಸಿಟಿಯಲ್ಲಿ ಸುಮಾರು 200 ಮಂದಿ ಪರ್ವತ ರಕ್ಷಕರು ವೇತನಕ್ಕಾಗಿ ಹದಿಮೂರು ದಿನ ಮುಷ್ಕರ ಹೂಡಿದರು. ಆಗ, ಮುಂಗಡ ಹಣ ಕೊಟ್ಟು ಬಂದವರು ಹೊಸ ವರ್ಷದ ರಜೆಯನ್ನು ಸಾಲಿನಲ್ಲಿ ನಿಂತೇ ಕಳೆದರು. ಹಣ ಮೊದಲೇ ಸಂದಾಯವಾಗಿದ್ದುದರಿಂದ ಎದ್ದು ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. 2024ರಲ್ಲೂ 2025ರಲ್ಲೂ ವೇಲ್ ಪಾಸುಗಳ ಸಂಖ್ಯೆ ಇಳಿದಿರುವುದನ್ನು ಇದರೊಂದಿಗೆ ಸೇರಿಸಿ ಓದಬೇಕು.

ಮುಂಗಡ ಹಣ ಯಾರದು?

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದದ್ದು ರಜಾ ಸದಸ್ಯತ್ವದ ವ್ಯಾಪಾರ. ಮಹೀಂದ್ರ ಹಾಲಿಡೇಸ್ ಕಂಪನಿ 1996ರಿಂದ ಈ ಕ್ಷೇತ್ರದಲ್ಲಿದೆ; ಕೊಡಗಿನಲ್ಲೂ ಅದರ ವಿಶ್ರಾಂತಿಧಾಮಗಳಿವೆ. ಇಪ್ಪತ್ತೈದು ವರ್ಷದ ಸದಸ್ಯತ್ವಕ್ಕೆ ಪಡೆದ ಹಣವನ್ನು ಯಾವ ವರ್ಷದ ಆದಾಯವೆಂದು ತೋರಿಸಬೇಕು? ಕಂಪನಿ ಮೊದಲು ನೂರಕ್ಕೆ 60ನ್ನು ಆರಂಭದಲ್ಲೇ ಆದಾಯಕ್ಕೆ ತೆಗೆದುಕೊಂಡು, ಉಳಿದ 40ನ್ನು ಅವಧಿಗೆ ಹಂಚುತ್ತಿತ್ತು. ಪೂರ್ತಿ ಹಣಕ್ಕೂ ಪಡೆದ ವರ್ಷವೇ ತೆರಿಗೆ ಕೊಡಬೇಕೆಂಬ ಇಲಾಖೆಯ ವಾದವನ್ನು ಚೆನ್ನೈ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2010ರಲ್ಲಿ ಒಪ್ಪಲಿಲ್ಲ. 2018ರ ಏಪ್ರಿಲಿನಿಂದ ಜಾರಿಯಾದ 115ನೇ ಭಾರತೀಯ ಲೆಕ್ಕಪತ್ರ ಮಾನದಂಡದ ಮೇರೆಗೆ ಸದಸ್ಯತ್ವ ಶುಲ್ಕವನ್ನು ಇಡೀ ಅವಧಿಗೆ ಹಂಚಬೇಕಾಯಿತು. ಆಗ ಆ ಕಂಪನಿಯ ನಿವ್ವಳ ಮೌಲ್ಯವು ಲೆಕ್ಕಪುಸ್ತಕದಲ್ಲಿ ಋಣಾತ್ಮಕವಾಗಿಬಿಟ್ಟಿತು. ಗಲ್ಲಾಪೆಟ್ಟಿಗೆಯಲ್ಲಿ ಹಣ ಅಷ್ಟೇ ಇತ್ತು. ಅದು ಸೇವೆಯ ಋಣವೆಂಬುದು ಮಾತ್ರ ಕಾಗದದ ಮೇಲೆ ಎದ್ದು ಕಂಡಿತು.

ನಮ್ಮ ಸಣ್ಣ ಉದ್ದಿಮೆಗಳಿಗೆ ಆ ಮಾನದಂಡ ಅನ್ವಯಿಸುವುದಿಲ್ಲ. ಆದರೆ ಒಳಗಿನ ಮಾತು ಎಲ್ಲರಿಗೂ ಒಂದೇ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೂ ಒಂದು ಸಂಸ್ಥೆಯ ರಜಾ ಸದಸ್ಯನಾಗಿದ್ದೆ. ಮಕ್ಕಳ ಬೇಸಿಗೆ ರಜೆಯಲ್ಲಿ ಮೂರು ವರ್ಷ ಸತತವಾಗಿ ಕೋಣೆ ಸಿಗಲಿಲ್ಲ. ಜುಲೈ ತಿಂಗಳಲ್ಲಿ ಮಾತ್ರ ಆದರದ ಆಹ್ವಾನ ಬರುತ್ತಿತ್ತು. ಇತರರ ಲೆಕ್ಕ ತಪಾಸಣೆ ಮಾಡುವವನು ತನ್ನ ಒಪ್ಪಂದದ ಸಣ್ಣಕ್ಷರವನ್ನು ಓದದೆ ಸಹಿ ಹಾಕಿದ್ದನೆಂದು ಮನೆಯಲ್ಲಿ ಈಗಲೂ ಕೇಳಬೇಕಾಗುತ್ತದೆ.

ಮುಂಗಡದ ಪದ್ಧತಿ ನಮ್ಮ ಜನರಿಗೆ ಹೊಸತೇನೂ ಅಲ್ಲ. ಮಂದಾರ್ತಿ ಮೇಳದ ಹರಕೆಯಾಟಕ್ಕೆ ಹಲವಾರು ವರ್ಷ ಮೊದಲೇ ಹೆಸರು ಬರೆಸಿ ಸರದಿ ಕಾಯುವವರು ನಮ್ಮ ನೆರೆಯವರೇ. ಅಲ್ಲಿ ಕಾಯಿಸುವುದು ಭಕ್ತಿ. ವ್ಯಾಪಾರದಲ್ಲಿ ಗಿರಾಕಿ ಅಷ್ಟು ಕಾಯುವುದಿಲ್ಲ.

ಗೋಕರ್ಣದ ಹಾದಿಯಲ್ಲಿ

ಈಗ ನಮ್ಮ ವಿಷಯಕ್ಕೆ ಬರೋಣ. ಮಾದನಗೇರಿಯ ತಿರುವಿನಿಂದ ಗೋಕರ್ಣ, ಇತ್ತ ಮಿರ್ಜಾನ ಕೋಟೆ, ಯಾಣ, ದಕ್ಷಿಣಕ್ಕೆ ಕಾಸರಕೋಡಿನ ಕಡಲತೀರ, ಮುರ್ಡೇಶ್ವರ, ಅಲ್ಲಿಂದ ನೇತ್ರಾಣಿ. ಒಂದು ದಿನದ ಹಾದಿಯಲ್ಲಿ ಇಷ್ಟು ಸ್ಥಳಗಳಿದ್ದರೂ ಒಂದಕ್ಕೊಂದು ವ್ಯಾವಹಾರಿಕ ಸಂಬಂಧವಿಲ್ಲ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟವನು ಗೋಕರ್ಣ ನೋಡಿ ಭಾನುವಾರ ಮರಳುತ್ತಾನೆ. ಅಘನಾಶಿನಿಯ ದೋಣಿಯವನು, ಯಾಣದ ಮಾರ್ಗದರ್ಶಿ, ಹೆದ್ದಾರಿ ಬದಿಯ ಖಾನಾವಳಿಯವನು ಇವರೆಲ್ಲ ಅದೃಷ್ಟವನ್ನೇ ನಂಬಿದ್ದಾರೆ. ಇವರೆಲ್ಲರಿಗೂ ಸೇರಿ ಒಂದು ಕರಾವಳಿ ಪಾಸು ಏಕಾಗಬಾರದು ಎಂಬ ಸಲಹೆ ನಮ್ಮಲ್ಲಿ ಕೆಲವರ ಬಾಯಲ್ಲಿ ಓಡಾಡುತ್ತಿದೆ. ಸಲಹೆ ಒಳ್ಳೆಯದೇ. ಆದರೆ ಲೆಕ್ಕವನ್ನು ಮೊದಲು ನೋಡಬೇಕು.

ಉದಾಹರಣೆಗಾಗಿ ಮಾತ್ರ ಹೀಗೆ ಊಹಿಸೋಣ. ಪಾಸಿನ ಬೆಲೆ 2,500 ರೂಪಾಯಿ, ಮಾರಾಟ 400. ಒಟ್ಟು 10 ಲಕ್ಷ. ಇದರೊಳಗೆ ಶೇಕಡಾ 18ರ ಜಿ.ಎಸ್.ಟಿ. ಅಡಗಿದೆಯೆಂದರೆ 1,52,542 ರೂಪಾಯಿ ಸರಕಾರಕ್ಕೆ. ಉಳಿದ 8,47,458ರಲ್ಲಿ ಮಾರಾಟ ಮತ್ತು ಆಡಳಿತಕ್ಕೆ ಹತ್ತನೆಯ ಒಂದು ಪಾಲು ತೆಗೆದರೆ ಹಂಚಲು ಸಿಗುವುದು ಸುಮಾರು 7,62,700. ಪಾಸುದಾರರು ಎಲ್ಲ ಕಡೆ ಸೇರಿ 3,000 ಭೇಟಿ ಮಾಡಿದರೆ ಒಂದು ಭೇಟಿಗೆ 254 ರೂಪಾಯಿ. ಪಾಸು ಜನಪ್ರಿಯವಾಗಿ ಭೇಟಿಗಳು 4,000ಕ್ಕೆ ಏರಿದರೆ? ಆಗ ಒಂದಕ್ಕೆ 191 ರೂಪಾಯಿ ಮಾತ್ರ. ಜನ ಹೆಚ್ಚು ಬಂದಷ್ಟೂ ತಲಾ ಗಳಿಕೆ ಕಡಿಮೆ!

ಇಲ್ಲಿಯೇ ಹಿಮದ ವ್ಯಾಪಾರಕ್ಕೂ ನಮ್ಮದಕ್ಕೂ ಮೂಲಭೂತ ವ್ಯತ್ಯಾಸ. ಪರ್ವತದಲ್ಲಿ ತಂತಿಕುರ್ಚಿ ಹೇಗಿದ್ದರೂ ತಿರುಗುತ್ತಿರುತ್ತದೆ. ಇನ್ನೊಬ್ಬ ಕೂತರೆ ಖರ್ಚು ಹೆಚ್ಚೇನೂ ಬೀಳದು. ಸುಂಕದ ಕಟ್ಟೆಯಲ್ಲೂ ಅಷ್ಟೇ. ನಮ್ಮ ಖಾನಾವಳಿಯಲ್ಲಾದರೋ ಪ್ರತಿ ಎಲೆಗೂ ಅನ್ನ, ಮೀನು, ತೆಂಗಿನಕಾಯಿ ಬೇಕು. ದೋಣಿಯ ಪ್ರತಿ ಸುತ್ತಿಗೂ ಡೀಸೆಲ್ ಬೇಕು. ಒಂದು ಸುತ್ತಿಗೆ ತಲಾ 200 ರೂಪಾಯಿ ಖರ್ಚಿರುವ ದೋಣಿಯವನಿಗೆ 191 ರೂಪಾಯಿ ಕೊಟ್ಟು ಪಾಸಿನ ಕೀರ್ತಿ ಹೇಳಿದರೆ ಆತ ಒಂದು ತಿಂಗಳಲ್ಲಿ ಬಾಗಿಲು ಹಾಕುತ್ತಾನೆ. ಆದ್ದರಿಂದ ಊಟ, ದೋಣಿ, ನೀರಾಟಗಳಿಗೆ ಪಾಸುದಾರನಿಗೆ ರಿಯಾಯಿತಿ ಮಾತ್ರ ಇರಲಿ. ಪಾಸಿನೊಳಗೆ ಸೇರಬೇಕಾದದ್ದು ಖಾಲಿ ಬಿದ್ದರೆ ಹಾಳಾಗುವ ವಸ್ತು, ಅಂದರೆ ಕೋಣೆ. ಅದರಲ್ಲೂ ಭಾನುವಾರದಿಂದ ಗುರುವಾರದವರೆಗಿನ ಕೋಣೆ.

ಹಂಚಿಕೆಯ ಮಾದರಿಗೆ ದೊಡ್ಡವರನ್ನು ನೋಡಬೇಕಾಗಿಲ್ಲ. 2019ರಲ್ಲಿ ಅಮೆರಿಕದ ಸ್ವತಂತ್ರ ಸಣ್ಣ ಗುಡ್ಡಗಳವರು ಇಂಡಿ ಪಾಸ್ ಎಂಬುದರಲ್ಲಿ ಒಟ್ಟಾದರು. ಆರಂಭದ ಬೆಲೆ 199 ಡಾಲರ್. ಒಂದೊಂದು ಗುಡ್ಡದಲ್ಲಿ ಎರಡೇ ದಿನ. ಯಾರೂ ಯಾರಿಗೂ ಮಾರಾಟವಾಗಲಿಲ್ಲ. ಹಣ ಭೇಟಿಗಳ ಪ್ರಮಾಣದಲ್ಲಿ ಹಂಚಿಹೋಗುತ್ತದೆ, ಪಾಸುಗಳ ಸಂಖ್ಯೆಗೂ ಮಿತಿಯಿದೆ. ಎರಡೇ ದಿನವೆಂಬ ಆ ಕಟ್ಟಳೆಯೇ ಅದರ ಜಾಣತನ. ಗಿರಾಕಿ ಒಂದೇ ಕಡೆ ಬೀಡುಬಿಡದೆ ಮುಂದಿನ ಊರಿಗೆ ಹೋಗುತ್ತಾನೆ. ಗೋಕರ್ಣಕ್ಕೆ ಮಾತ್ರ ನುಗ್ಗುವ ಜನಸ್ತೋಮವನ್ನು ಮಿರ್ಜಾನಕ್ಕೂ ಹಿರೇಗುತ್ತಿಗೂ ಹರಿಸಬೇಕಾದರೆ ಇಂಥದೇ ಕಟ್ಟಳೆ ಬೇಕು.

ಕಾನೂನಿನ ಬಗ್ಗೆ ಎರಡು ಮಾತು. ಸರಕಿನ ಮುಂಗಡಕ್ಕೆ 2017ರ ನವೆಂಬರಿನಿಂದ ಜಿ.ಎಸ್.ಟಿ. ಕಟ್ಟಬೇಕಾಗಿಲ್ಲ, ಆದರೆ ಸೇವೆಯ ಮುಂಗಡಕ್ಕೆ ಪಡೆದಾಗಲೇ ಕಟ್ಟಬೇಕು. ಇದನ್ನು ಮರೆತು ಪೂರ್ತಿ ಹಣವನ್ನು ಕೋಣೆಗಳ ದುರಸ್ತಿಗೆ ಹಾಕಿ ತೆರಿಗೆಯ ದಿನ ಓಡಾಡಿದವರನ್ನು ನಾನು ಕಂಡಿದ್ದೇನೆ. ಎರಡನೆಯದು, ಹಲವು ಅಂಗಡಿಗಳಲ್ಲಿ ಹಣದಂತೆ ಖರ್ಚು ಮಾಡಬಹುದಾದ, ಮೌಲ್ಯ ತುಂಬಿದ ಕಾರ್ಡನ್ನು ಹೊರಡಿಸಿದರೆ ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಾಗುತ್ತದೆ. ಹೆಸರಿಸಿದ ಸೇವೆಗೆ ಇಷ್ಟು ರಾತ್ರಿ, ಇಷ್ಟು ಭೇಟಿ ಎಂಬ ಹಕ್ಕುಪತ್ರದ ರೂಪದಲ್ಲೇ ಪಾಸನ್ನು ರಚಿಸುವುದು ಕ್ಷೇಮ.

ಎಲ್ಲಕ್ಕಿಂತ ಕಠಿಣವಾದದ್ದು ಮರುಪಾವತಿಯ ಪ್ರಶ್ನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಹೆದ್ದಾರಿ ಹಲವು ದಿನ ಮುಚ್ಚಿತು. ಉತ್ತರದಿಂದ ನಮ್ಮ ಊರಿಗೆ ಬರುವ ದಾರಿಯೇ ಇರಲಿಲ್ಲ. ಆ ತಿಂಗಳಿಗೆ ನಾವು ಪಾಸು ಮಾರಿದ್ದರೆ ಏನು ಉತ್ತರ ಕೊಡುತ್ತಿದ್ದೆವು? 2020ರ ಮಾರ್ಚಿನಲ್ಲಿ ಕೊರೋನಾ ಕಾರಣ ಪರ್ವತಗಳು ಮುಚ್ಚಿದಾಗ ವೇಲ್ ಕಂಪನಿ ಋತುಪಾಸುದಾರರಿಗೆ ಮುಂದಿನ ಪಾಸಿನಲ್ಲಿ ಕನಿಷ್ಠ ಶೇಕಡಾ 20ರ ವಿನಾಯಿತಿ ಕೊಟ್ಟಿತು. ಅದಕ್ಕೆ ಆ ಶಕ್ತಿಯಿತ್ತು. ಆರು ಕೋಣೆಗಳ ಹೋಮ್‌ಸ್ಟೇ ಮಾಲೀಕನು ಮುಂಗಡವನ್ನು ಮಗಳ ಕಾಲೇಜು ಶುಲ್ಕಕ್ಕೆ ಕಟ್ಟಿಬಿಟ್ಟಿದ್ದರೆ ಆತನಿಗೆ ಆ ಶಕ್ತಿಯಿರುವುದಿಲ್ಲ.

ಅದಕ್ಕಾಗಿ ಹೀಗೆ ಮಾಡಬಹುದು. ಪಾಸಿನ ಹಣ ಯಾವ ಒಬ್ಬ ಸದಸ್ಯನ ಖಾತೆಗೂ ಹೋಗದೆ, ಇಬ್ಬರ ಜಂಟಿ ಸಹಿಯ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಅತಿಥಿ ಬಂದು ತಂಗಿದ ನಂತರವೇ ಆ ರಾತ್ರಿಯ ಪಾಲು ಬಿಡುಗಡೆಯಾಗಬೇಕು. ರಸ್ತೆ ಮುಚ್ಚಿದರೆ ಅವಧಿ ಅಷ್ಟು ದಿನ ತಾನಾಗಿ ಮುಂದೆ ಹೋಗಬೇಕು, ಬೇಡವೆಂದವನಿಗೆ ಹಣ ಮರಳಬೇಕು. ಮೊದಲ ವರ್ಷ ಹತ್ತು ಹನ್ನೆರಡು ಮನೆಗಳು, ಇನ್ನೂರು ಪಾಸು ಸಾಕು. ಬಿಡಿ ಗಿರಾಕಿಯ ದರವನ್ನು ಏರಿಸುವುದು ಮಾತ್ರ ಬೇಡ; ರಾತ್ರಿ ಹತ್ತಕ್ಕೆ ಬಸ್ಸಿಳಿದು ಬರುವ ಯಾತ್ರಿಕನಿಗೆ ಈಗಿನ ದರವೇ ಇರಲಿ. ಆಸಕ್ತ ಸದಸ್ಯರು ತಮ್ಮ ಕಳೆದ ಮೂರು ವರ್ಷಗಳ ತಿಂಗಳುವಾರು ಖಾಲಿ ಕೋಣೆಗಳ ಲೆಕ್ಕವನ್ನು ಬರೆದು ತಂದರೆ, ಪಾಸಿನ ಬೆಲೆಯನ್ನು ಅದರ ಮೇಲೆ ಕುಳಿತು ನಿರ್ಧರಿಸಬಹುದು. ಆ ಲೆಕ್ಕ ನಮ್ಮಲ್ಲಿ ಬಹುತೇಕರ ಬಳಿ ಬರಹದಲ್ಲಿ ಇಲ್ಲ.